ಸರಳೆ ವರಸೆಯಿಂದ ಕೊಲೊರತುರದ ತನಕ: ಜರ್ಮನಿಯ ಹಾಡುಗಾರಿಕೆ ಪ್ರವೇಶ ಪರೀಕ್ಷೆಯ ನನ್ನ ಅನುಭವ

ಹೋದ ವಾರ ವಿದ್ಯಾರ್ಥಿ ಗುರುತಿನ ಚೀಟಿ ಕೈಗೆ ಬಂತು. ಹೆಸರಿನ ಕೆಳಗೆ ‘ಗೆಸಾಂಗ್’ ಅಂತ ಇದೆ. ಜರ್ಮನ್‌ನಲ್ಲಿ ಹಾಡುಗಾರಿಕೆ ಅಂತ ಅರ್ಥ. ಮೈಸೂರಿನ ಮನೆಯ ಜಗಲಿಯಲ್ಲಿ ಅಪ್ಪನ ಎದುರು ಕೂತು “ನಾನು ಒಪೆರಾ ಕಲೀಬೇಕು ಅಪ್ಪ, ಅಲ್ಲಿಗೇ ಹೋಗಿ ಕಲೀಬೇಕು” ಅಂತ ಹೇಳಿದ ದಿನದಿಂದ ಈ ಚೀಟಿಯ ತನಕ ಎರಡು ವರ್ಷ ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಹುಡುಕಿದಾಗ ಸಿಕ್ಕಿದ್ದೆಲ್ಲ ಎಂಜಿನಿಯರಿಂಗ್ ಓದಲು ಹೋಗುವವರಿಗೆ ಬರೆದದ್ದು. ಹಾಡಲು ಹೋಗುವವಳಿಗೆ, ಅದರಲ್ಲೂ ಕನ್ನಡದಲ್ಲಿ, ಏನೂ ಸಿಗಲಿಲ್ಲ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲು ನನ್ನ ಧ್ವನಿಯ ಬಗ್ಗೆ ಹೇಳಬೇಕು, ಯಾಕೆಂದರೆ ನಾನು ಮಾಡಿದ ದೊಡ್ಡ ತಪ್ಪು ಅಲ್ಲೇ ಇದೆ. ಪಾಶ್ಚಾತ್ಯ ಸಂಗೀತದಲ್ಲಿ ಹೆಣ್ಣು ಧ್ವನಿಗಳಲ್ಲಿ ಎತ್ತರದ್ದು ಸೊಪ್ರಾನೊ. ಅದರಲ್ಲೂ ಹಗುರಾಗಿ, ಬಹಳ ಮೇಲಕ್ಕೆ ಹೋಗಿ, ಅಲ್ಲಿ ವೇಗದ ಸ್ವರಗುಚ್ಛಗಳನ್ನು ಮುತ್ತು ಪೋಣಿಸಿದಂತೆ ಬಿಡಿಬಿಡಿಯಾಗಿ ಹಾಡಬಲ್ಲ ಧ್ವನಿಗೆ ಕೊಲೊರತುರ ಸೊಪ್ರಾನೊ ಅನ್ನುತ್ತಾರೆ. ಬಣ್ಣ ತುಂಬುವುದು ಎಂಬ ಇಟಾಲಿಯನ್ ಪದದಿಂದ ಬಂದ ಹೆಸರು. ನಾನು ಏಳನೇ ವಯಸ್ಸಿನಿಂದ ಕರ್ನಾಟಕ ಸಂಗೀತ ಕಲಿತವಳು, ಜಿ ಶ್ರುತಿಯಲ್ಲಿ ಹಾಡುತ್ತಿದ್ದೆ. ಮಂದ್ರ ಪಂಚಮದಿಂದ ತಾರ ಪಂಚಮ ಮುಟ್ಟಿದರೆ ಕಛೇರಿಗೆ ಸಾಕು. ಮೊಜಾರ್ಟ್‌ನ ‘ಮಾಯಾ ಕೊಳಲು’ ಒಪೆರಾದಲ್ಲಿ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದಲ್ಲಿ, ರಾತ್ರಿಯ ರಾಣಿ ಎಂಬ ಪಾತ್ರ ಹಾಡುವ ಮೇಲಿನ ಎಫ್ ಸ್ವರವನ್ನು ಅದೇ ಶ್ರುತಿಯಲ್ಲಿ ಲೆಕ್ಕ ಹಾಕಿ: ತಾರ ಸ್ಥಾಯಿ ಪೂರ್ತಿ ದಾಟಬೇಕು, ಅದರ ಮೇಲಿನ ಷಡ್ಜವನ್ನೂ ದಾಟಬೇಕು, ಆಮೇಲೆ ಸಿಗುವ ಕೈಶಿಕಿ ನಿಷಾದ ಅದು. ಆ ಸ್ವರ ಹಿಡಿದಾಗ ಧ್ವನಿತಂತುಗಳು ಸೆಕೆಂಡಿಗೆ ಹತ್ತಿರ ಹತ್ತಿರ 1400 ಸಲ ಕಂಪಿಸುತ್ತವೆ.

ಶಾಲೆಯ ಕ್ವಾಯರ್‌ನಲ್ಲಿ ಹಾಡುವಾಗ ಒಂದು ದಿನ ಆಟಕ್ಕೆಂಬಂತೆ ಆ ಸ್ವರ ನನ್ನ ಬಾಯಿಂದ ಬಂತು. ಇಡೀ ಕೋಣೆ ತಿರುಗಿ ನೋಡಿತು. ಅಂದಿನಿಂದ ಆ ಒಂದು ಸ್ವರವೇ ನನ್ನ ಆಸ್ತಿ ಅಂದುಕೊಂಡೆ. ಎಂಟು ವರ್ಷ ಹಾಗೇ ಅಂದುಕೊಂಡಿದ್ದೆ.

ಬಿ.ಕಾಂ. ಮುಗಿದ ಮೇಲೆ, 2023ರ ಆಗಸ್ಟ್‌ನಿಂದ, ಪ್ರತಿ ಶನಿವಾರ ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಪಾಠಕ್ಕೆ ಹೋಗತೊಡಗಿದೆ. ನನ್ನ ಮಿಸ್‌ಗೆ ಎಪ್ಪತ್ತು ದಾಟಿದೆ. ಒಂದು ಗಂಟೆಗೆ 1,500 ರೂಪಾಯಿ ತೆಗೆದುಕೊಳ್ಳುತ್ತಿದ್ದರು, ಆದರೆ ಒಂದೂವರೆ ಗಂಟೆಗೆ ಮೊದಲು ಯಾವತ್ತೂ ಬಿಡಲಿಲ್ಲ. ಮೊದಲ ದಿನವೇ ಅವರು ನನ್ನ ಗಮಕವನ್ನು ಹಿಡಿದರು. ನಮ್ಮಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದೇ ಸೊಗಸು. ಕೊಲೊರತುರದಲ್ಲಿ ಹಾಗೆ ಜಾರಿದರೆ ಸ್ವರಗಳೆಲ್ಲ ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಒಂದೊಂದೂ ಬಿಡಿಯಾಗಿ ಕೇಳಬೇಕು, ಆದರೆ ನಡುವೆ ಉಸಿರು ತುಂಡಾಗಬಾರದು. ಬಿಡಿಸಲು ಹೋಗಿ ‘ಹ ಹ ಹ’ ಅಂತ ಹಕಾರ ಸೇರಿಸಿದರೆ ಅದೂ ತಪ್ಪು. ಮೂರು ತಿಂಗಳು ಇದರಲ್ಲೇ ಒದ್ದಾಡಿದೆ.

ದಾರಿ ಸಿಕ್ಕಿದ್ದು ರೈಲಿನಲ್ಲಿ. ಮದ್ದೂರು ದಾಟಿದ ಮೇಲೆ ಕಿಟಕಿ ಪಕ್ಕ ಕೂತು, ಹ್ಯಾಂಡೆಲ್‌ನ ಒಂದು ಕಷ್ಟದ ಸ್ವರಗುಚ್ಛವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ಚಿಕ್ಕಂದಿನಲ್ಲಿ ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹೇಳಿಸುತ್ತಿದ್ದರಲ್ಲ, ಇದನ್ನೂ ಹಾಗೇ ಯಾಕೆ ಮಾಡಬಾರದು ಅನ್ನಿಸಿತು. ಒಂದನೇ ಕಾಲದಲ್ಲಿ ಅಕ್ಷರಕ್ಕೊಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ತಾಳ ಮಾತ್ರ ಒಂಚೂರೂ ಅಲ್ಲಾಡಬಾರದು. ಆ ಶನಿವಾರ ಮಿಸ್ ಎದುರು ಹಾಗೇ ಹಾಡಿದೆ. ಅವರು ಪಿಯಾನೊದಿಂದ ಕೈ ತೆಗೆದು, “ಇದನ್ನ ನಾನು ಹೇಳಿಕೊಟ್ಟಿದ್ದಲ್ಲ, ಯಾರು ಹೇಳಿಕೊಟ್ರು?” ಅಂದರು. ಮೈಸೂರಿನ ನನ್ನ ಸಂಗೀತದ ಟೀಚರ್ ಅಂದೆ. ಕರ್ನಾಟಕ ಸಂಗೀತದಿಂದ ಈ ಕಡೆ ಬರುವವರಿಗೆ ನಾನು ಕೊಡುವ ದೊಡ್ಡ ಸಲಹೆ ಇದೇ: ಕಲಿತದ್ದನ್ನು ಮರೆಯಬೇಡಿ. ಗಮಕವನ್ನು ಬಾಗಿಲ ಹೊರಗಿಡಿ, ಕಾಲದ ಶಿಸ್ತನ್ನು ಒಳಗೆ ತನ್ನಿ.

ಆದರೆ ನನ್ನ ದುರಾಸೆ ಬಿಡಲಿಲ್ಲ. ಮಿಸ್ ಬೇಡ ಅಂದಿದ್ದರೂ ಮನೆಯಲ್ಲಿ ದಿನಾ ರಾತ್ರಿಯ ರಾಣಿಯ ಎರಡನೇ ಹಾಡನ್ನು ಹಾಡುತ್ತಿದ್ದೆ. ಅದರಲ್ಲಿ ಆ ಮೇಲಿನ ಎಫ್ ನಾಲ್ಕು ಸಲ ಬರುತ್ತದೆ. ಮೊಜಾರ್ಟ್ ಅದನ್ನು ಬರೆದದ್ದು ತನ್ನ ಹೆಂಡತಿಯ ಅಕ್ಕ ಯೋಸೆಫಾ ಹೋಫರ್‌ಗಾಗಿ. 1791ರ ಸೆಪ್ಟೆಂಬರ್ 30ರಂದು ವಿಯೆನ್ನಾದಲ್ಲಿ ಆಕೆ ಅದನ್ನು ಮೊದಲು ಹಾಡಿದಾಗ ಮೂವತ್ತು ದಾಟಿದ, ಪಳಗಿದ ಗಾಯಕಿ. ನನಗೆ ಇಪ್ಪತ್ತೆರಡು. ಜನವರಿಯಲ್ಲಿ ಬೆಳಗಿನ ಹೊತ್ತು ಧ್ವನಿ ಒಡೆಯತೊಡಗಿತು. ಮಾತಾಡುವಾಗಲೂ ಗಾಳಿ ಸೋರಿದಂತೆ. ಶೀತ ಅಂದುಕೊಂಡು ಮೂರು ವಾರ ಕಷಾಯ ಕುಡಿದೆ.

ಒಂದು ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲಿನ ವೈದ್ಯರು ಟಾರ್ಚ್ ಹಾಕಿ ನೋಡಿ “ಏನೂ ಇಲ್ಲ” ಅಂತ ಚೀಟಿ ಬರೆದುಕೊಟ್ಟರು. 600 ರೂಪಾಯಿ ಆಯಿತು. ದಯವಿಟ್ಟು ಇಷ್ಟಕ್ಕೇ ಸುಮ್ಮನಾಗಬೇಡಿ. ಧ್ವನಿತಂತುಗಳು ಹಾಗೆ ಬಾಯಿಂದ ನೋಡಿದರೆ ಕಾಣುವುದಿಲ್ಲ. ಕೇಳಿ ಪಡೆಯಬೇಕಾದ ಪರೀಕ್ಷೆಯ ಹೆಸರು ಸ್ಟ್ರೋಬೋಸ್ಕೋಪಿ. ನಾನು ಆಮೇಲೆ ಹೋದದ್ದು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಮನೆಯಿಂದ ಹತ್ತು ನಿಮಿಷದ ದಾರಿ. ಇಡೀ ದೇಶದಿಂದ ಜನ ಅಲ್ಲಿಗೆ ಬರುತ್ತಾರೆ, ನಾನು ಆ ಗೇಟಿನ ಮುಂದೆ ಸ್ಕೂಟರ್‌ನಲ್ಲಿ ವರ್ಷಗಟ್ಟಲೆ ಓಡಾಡಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ.

ಆ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹೆದರಿಕೊಂಡವರಿಗೆ ಅನುಕೂಲವಾಗಲಿ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂರಬೇಕು. ನಾಲಿಗೆಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಹೊರಗೆಳೆಯುತ್ತಾರೆ. ಪೆನ್ನಿಗಿಂತ ತುಸು ದಪ್ಪದ ಲೋಹದ ಕೊಳವೆಯನ್ನು ನಾಲಿಗೆಯ ಮೇಲಿಂದ ಒಳಗೆ ತರುತ್ತಾರೆ. “ಈ ಅನ್ನಿಮ್ಮಾ, ನಿಲ್ಲಿಸ್ಬೇಡಿ, ಹಾಗೇ ಮೇಲಕ್ಕೆ ಹೋಗಿ” ಅಂದರು. ನಾಲಿಗೆ ಹಿಡಿದಿದ್ದರಿಂದ ನನ್ನ ‘ಈ’ ಬೇರೆ ಏನೋ ಆಗಿ ಕೇಳಿಸಿತು. ಓಕರಿಕೆ ಬಂದಾಗ ನಿಲ್ಲಿಸಿ, ನೀರು ಕೊಟ್ಟು, ಮತ್ತೆ ಶುರು ಮಾಡಿದರು. ನೋವಿಲ್ಲ. ತಂತುಗಳ ಕಂಪನದ ವೇಗಕ್ಕಿಂತ ಒಂಚೂರು ಬೇರೆ ವೇಗದಲ್ಲಿ ಮಿಣುಕುವ ಬೆಳಕು ಬೀಳುವುದರಿಂದ, ಸೆಕೆಂಡಿಗೆ ನೂರಾರು ಸಲ ನಡೆಯುವುದು ಪರದೆಯ ಮೇಲೆ ನಿಧಾನವಾಗಿ ಕಾಣುತ್ತದೆ. ಎರಡು ಬಿಳಿ ಪಟ್ಟಿ, ಅಲೆಯ ಹಾಗೆ ಹತ್ತಿರ ಬಂದು ದೂರ ಸರಿಯುತ್ತವೆ. ನನ್ನ ಧ್ವನಿಯನ್ನು ನಾನು ಕಣ್ಣಿಂದ ನೋಡಿದ್ದು ಅದೇ ಮೊದಲು. ಎರಡೂ ಪಟ್ಟಿಗಳ ಮೇಲೆ, ಮುಂಭಾಗದಿಂದ ಮೂರನೇ ಒಂದು ಭಾಗದಷ್ಟು ದೂರದಲ್ಲಿ, ಎದುರು ಬದುರಾಗಿ ಎಳ್ಳುಕಾಳಿನಷ್ಟೂ ಇಲ್ಲದ ಉಬ್ಬು. ಆ ಉಬ್ಬುಗಳು ಮೊದಲು ತಾಗುವುದರಿಂದ ಮುಂದೆಯೂ ಹಿಂದೆಯೂ ಮುಚ್ಚದೆ ಡಮರುಗದ ಆಕಾರದ ಸಂದು ಉಳಿಯುತ್ತಿತ್ತು. ಗಾಳಿ ಸೋರುತ್ತಿದ್ದದ್ದು ಅಲ್ಲಿಂದ.

ಗಂಟುಗಳಾಗುವ ಮೊದಲ ಹಂತ ಅಂದರು. ಮನೆಗೆ ಬಂದು ಅಮ್ಮನ ಮಡಿಲಲ್ಲಿ ಮುಖ ಇಟ್ಟು ಅತ್ತೆ. ಜೋರಾಗಿ ಅಳುವುದೂ ಗಂಟಲಿಗೆ ಒಳ್ಳೆಯದಲ್ಲ ಅಂತ ಗೊತ್ತಿದ್ದರಿಂದ ಸದ್ದಿಲ್ಲದೆ ಅತ್ತೆ. ಫ್ರಾನ್ಸಿನ ನಟಾಲಿ ಡೆಸೆಯಂಥ ದೊಡ್ಡ ಗಾಯಕಿಗೂ ಧ್ವನಿತಂತುಗಳ ಶಸ್ತ್ರಚಿಕಿತ್ಸೆ ಆಗಿತ್ತು ಅಂತ ಓದಿದ್ದೆ, ಆ ರಾತ್ರಿ ಅದೇ ತಲೆಯಲ್ಲಿ ಸುತ್ತಿತು. ನನಗೆ ಅದು ಬೇಕಾಗಲಿಲ್ಲ. ಹತ್ತು ವಾರ ಚಿಕಿತ್ಸೆ: ಮೊದಲು ಮಾತು ಕಮ್ಮಿ (ಪಿಸುಗುಟ್ಟುವುದೂ ಬೇಡ, ಅದೂ ತಂತುಗಳಿಗೆ ಕಷ್ಟ), ಆಮೇಲೆ ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಇಟ್ಟು ಗುಳುಗುಳು ಅನ್ನಿಸುತ್ತಾ ಸ್ವರ ಹಿಡಿಯುವುದು, ಆಮೇಲೆ ತುಟಿ ನಡುಗಿಸುತ್ತಾ ಸರಿಗಮ. ಏಪ್ರಿಲ್ ಕೊನೆಯಲ್ಲಿ ಮತ್ತೆ ನೋಡಿದಾಗ ಪಟ್ಟಿಗಳು ಪೂರ್ತಿ ಮುಚ್ಚುತ್ತಿದ್ದವು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಜರ್ಮನಿಯ ಹಲವು ಸಂಗೀತ ಶಾಲೆಗಳು ಹಾಡುಗಾರಿಕೆಗೆ ಅರ್ಜಿ ಹಾಕುವವರಿಂದ ಧ್ವನಿತಜ್ಞರ ವೈದ್ಯಕೀಯ ವರದಿ ಕೇಳುತ್ತವೆ. ಟಾರ್ಚ್ ಹಾಕಿ ಕೊಟ್ಟ ಆ ಚೀಟಿ ಅಲ್ಲಿ ನಡೆಯುವುದಿಲ್ಲ. ವರದಿ ಹಳೆಯದಾಗಿರಬಾರದು, ಸ್ಟ್ರೋಬೋಸ್ಕೋಪಿ ಮಾಡಿದೆ ಅಂತ ಸ್ಪಷ್ಟವಾಗಿ ಬರೆದಿರಬೇಕು. ನಾನು ಮುಂದಿನ ಫೆಬ್ರವರಿಯಲ್ಲಿ ಹೊಸದಾಗಿ ಮಾಡಿಸಿ ಇಂಗ್ಲಿಷಿನಲ್ಲಿ ಬರೆಸಿಕೊಂಡೆ.

ಧ್ವನಿ ಸರಿಯಾದ ಮೇಲೆ ಕಾಗದಪತ್ರದ ಕೆಲಸ. ಭಾಷೆ ಮೊದಲು. ನಾನು ಅರ್ಜಿ ಹಾಕಿದ ಎರಡೂ ಕಡೆ ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಕೇಳಿದ್ದರು. ಕೆಲವು ಕಡೆ ಅದಕ್ಕಿಂತ ಮೇಲಿನ ಬಿ2 ಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಬರೆದೆ. ಎರಡನೆಯದು ಎಪಿಎಸ್ ಪ್ರಮಾಣಪತ್ರ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ಜರ್ಮನಿಗೆ ಓದಲು ಹೋಗಬೇಕಾದರೆ ಅಂಕಪಟ್ಟಿಗಳನ್ನು ದಿಲ್ಲಿಯ ಜರ್ಮನ್ ರಾಯಭಾರ ಕಚೇರಿಯ ಎಪಿಎಸ್ ಎಂಬ ವಿಭಾಗದಲ್ಲಿ ಪರಿಶೀಲನೆ ಮಾಡಿಸಬೇಕು. ಶುಲ್ಕ 18,000 ರೂಪಾಯಿ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಕೊನೆಯಲ್ಲಿತ್ತು, ಪಾಸ್‌ಪೋರ್ಟ್‌ನಲ್ಲಿ ಅದು ಬಿಡಿಸಿ ಬರೆದ ಪೂರ್ತಿ ಹೆಸರು. ಎರಡೂ ಒಬ್ಬಳೇ ಅಂತ ಅಫಿಡವಿಟ್ ಮಾಡಿಸಿ ಜೊತೆಗಿಟ್ಟೆ. ಮೈಸೂರು ಕಡೆಯ ನಮ್ಮಂಥವರಿಗೆಲ್ಲ ಈ ಇನಿಷಿಯಲ್ ತಾಪತ್ರಯ ಬಂದೇ ಬರುತ್ತದೆ, ಮೊದಲೇ ನೋಡಿಕೊಳ್ಳಿ. ಪ್ರಮಾಣಪತ್ರ ಕೈಸೇರಲು ಏಳು ವಾರ ಆಯಿತು. ವಯಸ್ಸನ್ನೂ ನೋಡಿಕೊಳ್ಳಿ, ಕೆಲವು ಶಾಲೆಗಳಲ್ಲಿ ಹಾಡುಗಾರಿಕೆಗೆ ವಯಸ್ಸಿನ ಮಿತಿ ಇದೆ.

ಜರ್ಮನಿಯಲ್ಲಿ ಸರ್ಕಾರಿ ಸಂಗೀತ ಉನ್ನತ ಶಾಲೆಗಳು 24 ಇವೆ. ನಾನು ಎರಡಕ್ಕೆ ಅರ್ಜಿ ಹಾಕಿದೆ, ಒಂದು ನೈಋತ್ಯದ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ. ಅರ್ಜಿಗೆ ಮೊದಲು ನಿಮಗೆ ಕಲಿಸಬಲ್ಲ ಪ್ರಾಧ್ಯಾಪಕರಿಗೆ ಚಿಕ್ಕ ಪತ್ರ, ಜೊತೆಗೆ ಒಂದು ಹಾಡಿನ ಧ್ವನಿಮುದ್ರಣ ಕಳಿಸುವುದು ಅಲ್ಲಿನ ರೂಢಿ. ನನಗೆ ಇದು ಯಾರೂ ಹೇಳಿರಲಿಲ್ಲ, ಒಂದು ಕಡೆ ಮಾತ್ರ ಬರೆದೆ. ಬರೆದ ಕಡೆಯೇ ನನಗೆ ಕೊನೆಗೆ ಜಾಗ ಸಿಕ್ಕಿದ್ದು.

ಹಾಡುಗಳ ಆಯ್ಕೆ. ಇದರಲ್ಲಿ ಮಿಸ್ ಮತ್ತು ನಾನು ಎರಡು ವಾರ ಮುನಿಸಿಕೊಂಡಿದ್ದೆವು. ನನಗೆ ಹೇಗಾದರೂ ಮಾಡಿ ರಾಣಿಯ ಹಾಡು ಬೇಕು. “ನೋಡಮ್ಮ, ಆ ಎಫ್ ಕೇಳೋಕೆ ಅವರು ಕೂತಿಲ್ಲ. ಅದು ಇರೋ ಹುಡುಗೀರು ದಿನಾ ಹತ್ತು ಜನ ಬರ್ತಾರೆ. ಮಧ್ಯದ ಸ್ವರ ಹೇಗಿದೆ, ಉಸಿರು ಹೇಗಿದೆ, ಹೇಳಿದ್ದು ತಲೆಗೆ ಹೋಗುತ್ತಾ, ಅದನ್ನ ನೋಡ್ತಾರೆ” ಅಂದರು. ಜರ್ಮನ್ ಒಪೆರಾ ಲೋಕದಲ್ಲಿ ಧ್ವನಿಗಳನ್ನು ‘ಫಾಖ್’ ಅಂತ ವರ್ಗ ಮಾಡಿ, ಯಾವ ಪಾತ್ರ ಯಾವ ಧ್ವನಿಗೆ ಅಂತ ನಿಗದಿ ಮಾಡಿರುತ್ತಾರೆ. ಕೊಲೊರತುರದಲ್ಲೇ ಹಗುರಾದದ್ದು ಬೇರೆ, ರಾಣಿಯಂಥ ಪಾತ್ರಕ್ಕೆ ಬೇಕಾದ ಗಡುಸಾದದ್ದು ಬೇರೆ. ನನ್ನದು ಮೊದಲನೆಯದು. ಎಡಿಟಾ ಗ್ರುಬೆರೋವಾ 1970ರಲ್ಲಿ ವಿಯೆನ್ನಾದಲ್ಲಿ ರಾತ್ರಿಯ ರಾಣಿಯಾಗಿ ಬಂದವರು, ಎಪ್ಪತ್ತು ದಾಟಿದ ಮೇಲೂ ಒಪೆರಾ ರಂಗದ ಮೇಲಿದ್ದರು. ಅವರಂತೆ ಐವತ್ತು ವರ್ಷ ಹಾಡಬೇಕೋ ಐದು ವರ್ಷವೋ, ನೀನೇ ತೀರ್ಮಾನ ಮಾಡು ಅಂದರು ಮಿಸ್. ಪರದೆಯ ಮೇಲೆ ಕಂಡ ಆ ಎರಡು ಉಬ್ಬು ನೆನಪಾಯಿತು. ರಾಣಿಯನ್ನು ಬಿಟ್ಟೆ.

ಕೊನೆಗೆ ಉಳಿದದ್ದು ಮೂರು: 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಹಾಡಿದ ಹ್ಯಾಂಡೆಲ್‌ನ ‘ಮೆಸ್ಸಾಯ’ದಿಂದ ಸೊಪ್ರಾನೊದ ಸಂತೋಷದ ಹಾಡು, 1782ರ ಮೊಜಾರ್ಟ್ ಒಪೆರಾದಿಂದ ಸೇವಕಿ ಬ್ಲೋಂಡೆಯ ಮೊದಲ ಹಾಡು, ಶುಬರ್ಟ್‌ನ ಒಂದು ನಿಧಾನದ ಗೀತೆ. ಹ್ಯಾಂಡೆಲ್‌ನ ಹಾಡು ಮೇಲಿನ ಸಿ ಸ್ವರವನ್ನು ಮುಟ್ಟುವುದೂ ಇಲ್ಲ. ಆದರೂ ಕೊಲೊರತುರ ಅಂದರೇನು ಅಂತ ತೋರಿಸಲು ಅದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. ಬ್ಲೋಂಡೆ ಇ ಸ್ವರದ ತನಕ ಹೋಗುತ್ತಾಳೆ, ಹೋದದ್ದು ಗೊತ್ತಾಗದಂತೆ ಹೋಗಿ ಬರಬೇಕು.

ವಿಡಿಯೊ ಕಳಿಸಿ, ಏಪ್ರಿಲ್‌ನಲ್ಲಿ ಎರಡೂ ಕಡೆಯಿಂದ ಜೂನ್‌ಗೆ ಕರೆ ಬಂತು. ಈಗ ವೀಸಾ. ಇಲ್ಲಿ ಗಮನವಿಡಿ. ಪರೀಕ್ಷೆ ಬರೆಯಲು ಮಾತ್ರ ಹೋಗುವುದಾದರೆ 90 ಯೂರೊ ಶುಲ್ಕದ, ಸ್ವಲ್ಪ ದಿನಕ್ಕೆ ಮಾತ್ರ ಕೊಡುವ ಷೆಂಗೆನ್ ವೀಸಾ ಸಾಕು, ಆದರೆ ಪಾಸಾದರೂ ಅದರ ಮೇಲೆ ಅಲ್ಲೇ ಉಳಿಯಲು ಬರುವುದಿಲ್ಲ. ವಾಪಸ್ ಬಂದು ವಿದ್ಯಾರ್ಥಿ ವೀಸಾ ಹಾಕಬೇಕು. ಪ್ರವೇಶ ಹುಡುಕುವವರಿಗೆ ಅಂತಲೇ ಬೇರೆ ವೀಸಾ ಇದೆ, ಪ್ರವೇಶ ಸಿಕ್ಕರೆ ಅದನ್ನು ಅಲ್ಲೇ ಬದಲಾಯಿಸಿಕೊಳ್ಳಬಹುದು. ಅದಕ್ಕೆ ನನಗೆ ಸಮಯ ಸಾಲಲಿಲ್ಲ. ಸಾಧ್ಯವಿದ್ದವರು ಅದನ್ನೇ ನೋಡಿ, ಒಂದು ವಿಮಾನ ಟಿಕೆಟ್ಟಿನ ಹಣ ಉಳಿಯುತ್ತದೆ. ನಾನು ಸಮಯ ಕಾದಿರಿಸುವಾಗ ಪ್ರವಾಸ ಅಂತ ಒತ್ತಿಬಿಟ್ಟೆ. ಕೌಂಟರಿನಲ್ಲಿ ಪರೀಕ್ಷೆಯ ಕರೆಪತ್ರ ನೋಡಿ, ವರ್ಗ ತಪ್ಪಾಗಿದೆ ಅಂತ ಅರ್ಜಿ ತೆಗೆದುಕೊಳ್ಳಲೇ ಇಲ್ಲ. ಮತ್ತೆ ಸಮಯ ಸಿಕ್ಕಿದ್ದು ಹದಿಮೂರು ದಿನದ ಮೇಲೆ. ಆ ಹದಿಮೂರು ದಿನ ಅಪ್ಪ ದಿನಾ ಬೆಳಗ್ಗೆ ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಚಿ ಎಣಿಸುತ್ತಿದ್ದರು. ವೀಸಾ ಬಂದದ್ದು ಹೊರಡುವುದಕ್ಕೆ ಐದು ದಿನ ಮೊದಲು. ಅಷ್ಟರಲ್ಲಿ ಟಿಕೆಟ್ 71,000 ರೂಪಾಯಿ ಆಗಿತ್ತು.

ಮೊದಲ ಪರೀಕ್ಷೆ ಊರು ತಲುಪಿದ ಮರುದಿನವೇ, ಬೆಳಗ್ಗೆ 9.40ಕ್ಕೆ. ಇದು ನನ್ನ ಎರಡನೇ ದೊಡ್ಡ ತಪ್ಪು. ವಿಮಾನದ ಒಣಗಾಳಿಯಿಂದ ಗಂಟಲು ಒಣಗಿತ್ತು, ರಾತ್ರಿ ನಿದ್ದೆಯಿಲ್ಲ. ಕಡೇಪಕ್ಷ ನಾಲ್ಕು ದಿನ ಮೊದಲು ಹೋಗಿ. ಕಾರಿಡಾರಿನಲ್ಲಿ ಮೂವತ್ತು ನಲವತ್ತು ಜನ, ಒಂದೊಂದು ಬಾಗಿಲ ಹಿಂದಿನಿಂದ ಒಂದೊಂದು ಧ್ವನಿ. ಮೂರು ಬಾಗಿಲ ಹಿಂದೆ ರಾತ್ರಿಯ ರಾಣಿಯೇ ಕೇಳಿಸಿತು, ಒಬ್ಬರಿಗಿಂತ ಒಬ್ಬರು ಮೇಲೆ. ಮಿಸ್ ಹೇಳಿದ್ದು ನಿಜವಾಗಿತ್ತು.

ಪಿಯಾನೊ ನುಡಿಸುವವರನ್ನು ಶಾಲೆಯೇ ಕೊಡುತ್ತದೆ. ಅವರು ನಿಮ್ಮ ಹಾಳೆಯನ್ನು ನೋಡುವುದು ಅಲ್ಲೇ, ಆಗಲೇ. ನಾನು ಹಾಳೆಗಳನ್ನು ಹೊಳೆಯುವ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದೆ. ಮೇಲಿನ ದೀಪ ಬಿದ್ದು ಅವರಿಗೆ ಎರಡನೇ ಪುಟ ಕಾಣಲಿಲ್ಲ, ತಲೆ ಓರೆ ಮಾಡಿಕೊಂಡು ನುಡಿಸಿದರು, ನಾನು ಅದನ್ನೇ ನೋಡುತ್ತಾ ಒಂದು ಉಸಿರನ್ನು ತಪ್ಪಿಸಿದೆ. ಹಾಳೆಗಳನ್ನು ಟೇಪ್ ಹಾಕಿ ಜೋಡಿಸಿ ಬರಿದಾಗಿ ಒಯ್ಯಿರಿ, ಬಿಡುವ ಭಾಗವನ್ನು ಪೆನ್ಸಿಲ್‌ನಲ್ಲಿ ದೊಡ್ಡದಾಗಿ ಗುರುತು ಹಾಕಿ. ಹ್ಯಾಂಡೆಲ್‌ನ ಮೊದಲ ಭಾಗ ಮುಗಿಯುತ್ತಲೇ “ಡಾಂಕೆ”, ಧನ್ಯವಾದ, ಅಂದರು. ಒಳಗೆ ಹೋಗಿ ಹೊರಗೆ ಬಂದದ್ದು ಒಟ್ಟು ನಾಲ್ಕು ನಿಮಿಷ. ಮಧ್ಯಾಹ್ನ ಎರಡನೇ ಸುತ್ತಿನವರ ಪಟ್ಟಿ ಬಾಗಿಲಿಗೆ ಅಂಟಿಸಿದರು. ನನ್ನ ಸಂಖ್ಯೆ ಇರಲಿಲ್ಲ. ಪಟ್ಟಿಯನ್ನು ಮೂರು ಸಲ ಮೇಲಿಂದ ಕೆಳಗೆ ಓದಿದೆ.

ಎರಡನೇ ಊರಿಗೆ ರೈಲಿನಲ್ಲಿ ಹೋದೆ. ಆರು ದಿನ ಬಿಡುವಿತ್ತು. ಸ್ಟ್ರಾ, ನೀರು, ನಿದ್ದೆ. ಅಮ್ಮ ಕಟ್ಟಿಕೊಟ್ಟಿದ್ದ ಹುರಿಟ್ಟು, ಚಟ್ನಿಪುಡಿ. ಧ್ವನಿ ತಾನಾಗಿ ತಿರುಗಿ ಬಂತು.

ಅಲ್ಲಿ ಮೊದಲ ದಿನ ಬರವಣಿಗೆ. ಸ್ವರ ಕೇಳಿ ಬರೆಯುವುದು, ಎರಡು ಸ್ವರಗಳ ಅಂತರ ಗುರುತಿಸುವುದು. ಅಂತರಗಳು ನನಗೆ ಸುಲಭ, ಸ-ಗ, ಸ-ಮ, ಸ-ಪ ಅಂತ ಕಿವಿಗೆ ತಾನಾಗಿ ಬೀಳುತ್ತವೆ. ಎಡವಿದ್ದು ಹೆಸರುಗಳಲ್ಲಿ. ನಾವು ಬಿ ಅನ್ನುವ ಸ್ವರಕ್ಕೆ ಜರ್ಮನರು ‘ಹಾ’ ಅನ್ನುತ್ತಾರೆ. ಅವರು ‘ಬೇ’ ಅಂದರೆ ನಮ್ಮ ಬಿ ಫ್ಲ್ಯಾಟ್. ಗೊತ್ತಿತ್ತು, ಆದರೂ ಅವಸರದಲ್ಲಿ ಎರಡು ಕಡೆ ಅದಲು ಬದಲು ಬರೆದೆ. ಹೊರಗೆ ಬಂದ ಮೇಲೆ ಹೊಳೆಯಿತು. ಹೊರಡುವ ಮೊದಲು ಒಂದು ತಿಂಗಳು ಜರ್ಮನ್ ಹೆಸರುಗಳಲ್ಲೇ ಬರೆದು ಅಭ್ಯಾಸ ಮಾಡಿ. ಪಿಯಾನೊದಲ್ಲೂ ಒಂದು ಸರಳವಾದ ತುಣುಕು ನುಡಿಸಬೇಕಿತ್ತು. 14,000 ರೂಪಾಯಿಗೆ ಹಳೆಯ ಕೀಬೋರ್ಡ್ ಕೊಂಡು ಒಂದು ವರ್ಷ ಕಲಿತಿದ್ದು ಅಲ್ಲಿಗೆ ಸಾಕಾಯಿತು.

ಮರುದಿನ ಹಾಡು. ಐದು ಜನ ಕೂತಿದ್ದರು. ಈ ಸಲ ಹ್ಯಾಂಡೆಲ್ ಪೂರ್ತಿ ಕೇಳಿದರು. ಆಮೇಲೆ ಒಬ್ಬ ಪ್ರಾಧ್ಯಾಪಕಿ ಎದ್ದು ಹತ್ತಿರ ಬಂದು, ಆ ಉದ್ದದ ಸ್ವರಗುಚ್ಛವನ್ನು ಅರ್ಧ ವೇಗದಲ್ಲಿ, ‘ಊ’ ಅಂತ ಮಾತ್ರ ಹಾಡು ಅಂದರು. ಹಾಡಿದೆ. ಅವರು ನನ್ನ ಬಲಗೈ ನೋಡುತ್ತಿದ್ದರು. ಸೀರೆಯ ನೆರಿಗೆಯ ಪಕ್ಕ, ನನಗೇ ಗೊತ್ತಿಲ್ಲದೆ, ಕಿರುಬೆರಳಿನಿಂದ ಶುರುಮಾಡಿ ಆದಿತಾಳ ಎಣಿಸುತ್ತಿದ್ದೆ. ಏನದು ಅಂತ ಕೇಳಿದರು. ನನ್ನ ಬಿ1 ಜರ್ಮನ್‌ನಲ್ಲಿ ಹೇಳಿದೆ: ಎಂಟು ಎಣಿಕೆ, ಮೂರು ವೇಗ, ಕೈ ಬದಲಾಗುವುದಿಲ್ಲ, ಸ್ವರ ಮಾತ್ರ ಎರಡರಷ್ಟು, ನಾಲ್ಕರಷ್ಟು. ಹಾಗಾದರೆ ಹಾಗೇ ಮಾಡಿ ತೋರಿಸು ಅಂದರು. ಕೈಯನ್ನು ಎದುರಿಗೆ ತಂದು, ಎಲ್ಲರಿಗೂ ಕಾಣುವಂತೆ ತಟ್ಟಿ, ಬೆರಳು ಎಣಿಸಿ, ತಿರುಗಿಸಿ, ಅದೇ ಹ್ಯಾಂಡೆಲ್ ಸಾಲನ್ನು ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲದಲ್ಲಿ ಹಾಡಿದೆ. ಮೂರನೇ ಕಾಲದಲ್ಲಿ ಅದು ಹೆಚ್ಚುಕಮ್ಮಿ ಹಾಡಿನ ನಿಜವಾದ ವೇಗ. ಬರೆಯುತ್ತಿದ್ದವರೊಬ್ಬರು ಪೆನ್ನು ಕೆಳಗಿಟ್ಟರು. ಆ ಕೋಣೆಯಲ್ಲಿ ನನಗೆ ಭಯ ಹೋದದ್ದು ಆಗ.

ಇನ್ನೊಬ್ಬರು, ನೀನು ಭಾರತದವಳು, ಲಕ್ಮೇ ಯಾಕೆ ತರಲಿಲ್ಲ ಅಂತ ಕೇಳಿದರು. ಡೆಲಿಬ್ 1883ರಲ್ಲಿ ಪ್ಯಾರಿಸ್ಸಿಗಾಗಿ ಬರೆದ ಒಪೆರಾ ಅದು. ಕಥೆ ನಡೆಯುವುದು ಭಾರತದಲ್ಲಿ; ಅರ್ಚಕ ನೀಲಕಂಠನ ಮಗಳು ಲಕ್ಮೇ ಸಂತೆಯಲ್ಲಿ ನಿಂತು ಗಂಟೆಯ ಸದ್ದನ್ನು ಅನುಕರಿಸುತ್ತಾ ಹಾಡುವ ಹಾಡು ಕೊಲೊರತುರ ಗಾಯಕಿಯರಿಗೆಲ್ಲ ಪ್ರಿಯ. ನನಗೂ ಆಸೆಯಿದೆ. ಆದರೆ ಆ ಹುಡುಗಿಯನ್ನು ಹಾಡುವಾಗ ನಮ್ಮೂರ ದೇವಸ್ಥಾನದ ಗಂಟೆ ನನಗೆ ಕೇಳಿಸಬೇಕು, ಈಗ ಬರೀ ಕಷ್ಟದ ಸ್ವರಗಳು ಕೇಳಿಸುತ್ತವೆ, ಇನ್ನೂ ಸ್ವಲ್ಪ ವರ್ಷ ಬೇಕು ಅಂದೆ. ಅವರು ತಲೆಯಾಡಿಸಿದರು. ಕೊನೆಗೆ ಬಾಯಿಪಾಠದ ಕವಿತೆ. ಜರ್ಮನ್ ಪದ್ಯ ಹೇಳಿದ ಮೇಲೆ ನಿನ್ನ ಭಾಷೆಯಲ್ಲಿ ಏನಾದರೂ ಹೇಳು ಅಂದರು. ಅಜ್ಜಿ ಕಲಿಸಿದ ಒಂದು ಷಟ್ಪದಿ ಹೇಳಿದೆ. ಬ್ಲೋಂಡೆಯನ್ನು ಕೇಳಲೇ ಇಲ್ಲ! ಇ ಸ್ವರ ನನ್ನ ಗಂಟಲಿನಲ್ಲೇ ಉಳಿಯಿತು.

ಮೈಸೂರಿಗೆ ವಾಪಸ್ ಬಂದ ಮೇಲೆ ಜುಲೈ ಮೊದಲ ವಾರ ಪತ್ರ ಬಂತು. ತೇರ್ಗಡೆ, ಆದರೆ ಸದ್ಯಕ್ಕೆ ಜಾಗವಿಲ್ಲ. ಅಪ್ಪನಿಗೆ ಅರ್ಥವೇ ಆಗಲಿಲ್ಲ, “ಪಾಸಾದ್ರೆ ಆಯ್ತಲ್ಲ?” ಅಂತ ಮತ್ತೆ ಮತ್ತೆ ಕೇಳಿದರು. ಅಲ್ಲಿ ತೇರ್ಗಡೆಯೇ ಬೇರೆ, ಜಾಗವೇ ಬೇರೆ. ಒಬ್ಬ ಪ್ರಾಧ್ಯಾಪಕರು ಕಲಿಸುವ ವಿದ್ಯಾರ್ಥಿಗಳು ಕೆಲವೇ ಜನ, ಅಂಕದ ಸಾಲಿನಲ್ಲಿ ಮೇಲಿದ್ದವರಿಗೆ ಮೊದಲು. ಮೇಲಿನವರು ಬೇರೆ ಊರು ಆರಿಸಿಕೊಂಡರೆ ಕೆಳಗಿನವರಿಗೆ ಕರೆ. ಈ ಪತ್ರ ಬಂದರೆ ಕೈಚೆಲ್ಲಬೇಡಿ. ಕಾಯುವ ಪಟ್ಟಿಯಲ್ಲಿ ಇರುತ್ತೇನೆ ಅಂತ ತಕ್ಷಣ ಉತ್ತರ ಬರೆಯಿರಿ. ಹತ್ತೊಂಬತ್ತನೇ ದಿನ, ಅಮ್ಮ ಅವರೆಕಾಳು ಉಪ್ಪಿಟ್ಟು ಬಡಿಸುತ್ತಿದ್ದಾಗ, ಫೋನಿನಲ್ಲಿ ಮಿಂಚಂಚೆ ಬಂತು. ಜಾಗ ಇದೆ, ಒಂದು ವಾರದೊಳಗೆ ಒಪ್ಪಿಗೆ ಕಳಿಸಿ. ಅಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತ್ತು.

ಆಮೇಲಿನದು ಹಣದ ಕಥೆ. ವಿದ್ಯಾರ್ಥಿ ವೀಸಾ ಬೇಕಾದರೆ ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷದ ಖರ್ಚು 11,904 ಯೂರೊ ಮೊದಲೇ ಇಡಬೇಕು. ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಹನ್ನೆರಡು ಲಕ್ಷ. ಜರ್ಮನಿಯಲ್ಲಿ ಓದು ಪುಕ್ಕಟೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಶುಲ್ಕವಿದೆ. ನಾನು ಪ್ರವೇಶ ಸಿಕ್ಕ ಮೇಲೆ ಇದನ್ನು ಸರಿಯಾಗಿ ಓದಿದ್ದು. ಬ್ಯಾಂಕ್ ಸಾಲಕ್ಕೆ ಹೋದರೆ, ಹಾಡುಗಾರಿಕೆ ಓದಿದರೆ ಎಷ್ಟು ಸಂಬಳ ಬರುತ್ತದೆ ಅಂತ ಬರೆದುಕೊಡಿ ಅಂದರು. ಎರಡು ಬ್ಯಾಂಕ್ ಸುತ್ತಿದ ಮೇಲೆ ಅಪ್ಪ ನಿವೃತ್ತಿಗೆ ಇಟ್ಟಿದ್ದ ಠೇವಣಿ ಮುರಿದರು. “ಸ್ಟ್ರಾಸ್‌ಗೆ ನಮ್ಮ ಮಹಾರಾಜರು ದುಡ್ಡು ಕೊಡಲಿಲ್ವಾ, ಹಾಗೇ ಅಂದ್ಕೋ” ಅಂದರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಸೊಪ್ರಾನೊ ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಸಿದ್ದರ ಹಿಂದೆ ಜಯಚಾಮರಾಜ ಒಡೆಯರ ಹಣದ ಭರವಸೆ ಇತ್ತು ಅಂತ ನಾನೇ ಅವರಿಗೆ ಯಾವತ್ತೋ ಹೇಳಿದ್ದೆ. ಅವರು ಅದನ್ನು ನೆನಪಿಟ್ಟುಕೊಂಡಿದ್ದರು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ವಿದ್ಯಾರ್ಥಿ ವೀಸಾಕ್ಕೆ 75 ಯೂರೊ, ಜೊತೆಗೆ ಆರೋಗ್ಯ ವಿಮೆ, ಎಪಿಎಸ್, ಪ್ರವೇಶಪತ್ರ. ಆರು ವಾರ ಹಿಡಿಯಿತು. ವೀಸಾ ಅಂಟಿಸಿದ ಪಾಸ್‌ಪೋರ್ಟ್ ಮನೆಗೆ ಬಂದಾಗ ತರಗತಿ ಶುರುವಾಗಲು ಹನ್ನೊಂದು ದಿನ ಉಳಿದಿತ್ತು.

ಈಗ ಇಲ್ಲಿ ಚಳಿ ಶುರುವಾಗಿದೆ. ವಾಸದ ಪರವಾನಗಿಗೆ ಇನ್ನೂ ದಿನ ಸಿಕ್ಕಿಲ್ಲ. ಬಂದ ವಾರವೇ ವಿಳಾಸ ನೋಂದಣಿ ಮಾಡಿಸಿ ಆ ಚೀಟಿ ಜೋಪಾನ ಮಾಡಿ, ಎಲ್ಲ ಕಡೆ ಅದನ್ನೇ ಕೇಳುತ್ತಾರೆ. ಹೀಟರಿನಿಂದ ಕೋಣೆಯ ಗಾಳಿ ಒಣಗುತ್ತದೆ, ರಾತ್ರಿ ಒದ್ದೆ ಟವೆಲ್ಲನ್ನು ಅದರ ಮೇಲೆ ಹರವುತ್ತೇನೆ. ಪ್ರಾಧ್ಯಾಪಕಿ, ಅಂದು ಕೈ ನೋಡಿದವರೇ, ಮೊದಲ ಸೆಮಿಸ್ಟರ್ ಪೂರ್ತಿ ಮೇಲಿನ ಎ ಸ್ವರಕ್ಕಿಂತ ಮೇಲೆ ಹೋಗಕೂಡದು ಅಂದಿದ್ದಾರೆ. ಐದೈದು ಸ್ವರಗಳ ಸಾಲು, ಮೇಲೆ ಹೋಗಿ ಕೆಳಗೆ ಬರುವುದು, ದಿನಾ ನಲವತ್ತು ನಿಮಿಷ. ಅಭ್ಯಾಸದ ಕೋಣೆಗಳು ಹಗಲು ತುಂಬಿರುತ್ತವೆ. ನನಗೆ ಸಿಕ್ಕಿರುವುದು ಬೆಳಗ್ಗೆ ಏಳರಿಂದ ಎಂಟು, ಮೂರನೇ ಮಹಡಿ, ಕಿಟಕಿ ಸರಿಯಾಗಿ ಮುಚ್ಚದ ಕೋಣೆ. ಮೈಸೂರಿನಲ್ಲಿ ಆಗ ಹತ್ತೂವರೆ, ಅಮ್ಮ ಅಡುಗೆ ಮಾಡುತ್ತಿರುತ್ತಾರೆ. ಫೋನನ್ನು ಪಿಯಾನೊದ ಮೇಲಿಟ್ಟು ಕರೆ ಮಾಡಿಯೇ ಅಭ್ಯಾಸ ಶುರು ಮಾಡುತ್ತೇನೆ. ಕುಕ್ಕರ್ ಕೂಗಿದಾಗಲೆಲ್ಲ “ತಾಳ ತಪ್ತು ನೋಡು” ಅನ್ನುತ್ತಾರೆ.